ಎರಡು ಕೈಯ ಗಾಳ

ಹೋದ ತಿಂಗಳು ಕೃಷ್ಣಗಿರಿಗೆ ನೆಂಟರ ಗೃಹಪ್ರವೇಶಕ್ಕೆ ಹೊರಟಿದ್ದೆ. ಸೂಳಗಿರಿ ದಾಟುವ ಮುಂಚೆ ಬಸ್ಸು ನಿಂತುಬಿಟ್ಟಿತು. ಮುಂದೆ ಯಾವುದೋ ಲಾರಿ ಕೆಟ್ಟು ಅಡ್ಡ ನಿಂತಿತ್ತಂತೆ. ನನ್ನ ಕಿಟಕಿಯ ಪಕ್ಕದಲ್ಲೇ ಟೆಂಪೋ ಒಂದಕ್ಕೆ ಕೊತ್ತಂಬರಿ ಸೊಪ್ಪಿನ ಕಟ್ಟು ತುಂಬುತ್ತಿದ್ದರು. ಮಳೆಗೆ ನೆನೆದ ಸೊಪ್ಪು ಆಳುಗಳ ಕಾಲಿಗೆ ಸಿಕ್ಕಿ ಜಜ್ಜಿಹೋಗಿ, ವಾಸನೆ ಬಸ್ಸಿನೊಳಗೆಲ್ಲ ತುಂಬಿಕೊಂಡಿತು. ಉಳಿದವರಿಗೆ ಅಡುಗೆಮನೆ ನೆನಪಾಗಿರಬೇಕು. ನನಗೆ ನೆನಪಾದದ್ದು ಅಲ್ಲಿಂದ ಒಳಗೆ ಹೋದರೆ ಸಿಗುವ ಒಂದು ಕೆರೆ, ಕೆಲವು ವರ್ಷಗಳ ಹಿಂದೆ ಅದು ಕೋಡಿ ಬಿದ್ದ ಮಳೆಗಾಲ. ಚಿಕ್ಕಂದಿನಿಂದ ಗಾಳ ಹಾಕಿಕೊಂಡು ಬಂದ ನಾನು ಆ ಮಳೆಗಾಲದಲ್ಲಿ ಗಾಳ ಬೀಸುವುದನ್ನು ಮತ್ತೆ ಮೊದಲಿನಿಂದ ಕಲಿತೆ. ಕಲಿತಷ್ಟು ದಿನವೂ ಕಲಿಸಿದವರ ಮೇಲೆ ಒಂದು ಕಣ್ಣು ಇಟ್ಟುಕೊಂಡೇ ಇದ್ದೆ.

ನಮ್ಮ ಮನೆ ಹೊಸೂರಿನ ಮೂಕಂಡಪಲ್ಲಿಯಲ್ಲಿ. ಅಪ್ಪ ಮಾಲೂರಿನ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರು; ನಾನೂ ಅದೇ ದಾರಿ ಹಿಡಿದು ಫಿಟ್ಟರ್ ಆದೆ. ಭಾನುವಾರ ಬಂತೆಂದರೆ ಗಾಳ. ಹೊಸೂರಿನ ಸುತ್ತಲ ಕೆರೆಕುಂಟೆಗಳಲ್ಲಿ ಎಲ್ಲಿ ಕಟ್ಲಾ ಮೀನು ಸಿಗುತ್ತದೆ, ಎಲ್ಲಿ ಜಿಲೇಬಿ ಮೀನು, ಯಾವ ಜೊಂಡಿನ ಸಂದಿಯಲ್ಲಿ ಕೊರಮೀನು ಮಲಗಿರುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ರಾಗಿಹಿಟ್ಟಿನ ಉಂಡೆ ಮೆತ್ತಿದ ಗಾಳವನ್ನು ತಲೆಯ ಮೇಲಿಂದ ಬೀಸಿ ಎಸೆದರೆ ಅದು ಕೆರೆಯ ನಡುವಿಗೆ ಹೋಗಿ ಬೀಳುತ್ತಿತ್ತು. ಆ ವರ್ಷದ ಬೇಸಿಗೆಯಲ್ಲಿ, ಕಾರ್ಖಾನೆಯಲ್ಲಿ ಮೋಟಾರೊಂದನ್ನು ಎತ್ತುವಾಗ, ಬಲಭುಜದೊಳಗೆ ಏನೋ ಹರಿದಂತಾಯಿತು. ಇನ್ನು ಮೇಲೆ ಬಲಗೈಯನ್ನು ಹೆಗಲಿಗಿಂತ ಮೇಲೆ ಎತ್ತಬೇಡಿ ಎಂದರು ಡಾಕ್ಟರು. ಕಾರ್ಖಾನೆಯವರು ಹಗುರದ ಡ್ಯೂಟಿ ಕೊಟ್ಟರು. ಗಾಳದಲ್ಲಿ ಹಗುರದ ಡ್ಯೂಟಿ ಇರಲಿಲ್ಲ. ಕೋಲುಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಭಾನುವಾರ ಏನು ಮಾಡಬೇಕೆಂದು ತಿಳಿಯದೆ ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದೆ.

ಆಗ ಮುನಿರಾಜುವಿನ ಫೋನ್ ಬಂತು. ಮುನಿರಾಜು ನನ್ನ ಗಾಳದ ಜೊತೆಗಾರ. ಆ ಕೆರೆಯ ಪಕ್ಕದಲ್ಲೇ ಅವನ ಹೊಲ. ಕೊತ್ತಂಬರಿ, ಟೊಮ್ಯಾಟೊ ಬೆಳೆಯುತ್ತಾನೆ. ಅವನು ಫೋನಿನಲ್ಲಿ ಗುಟ್ಟು ಹೇಳಿದರೂ ಪಕ್ಕದ ಮನೆಗೆ ಕೇಳಿಸುತ್ತದೆ.

"ನಾಗ, ಕೆರೆ ಅಳೀತವ್ರೆ ಕಣ್ಲಾ. ರಾಮಪ್ಪಣ್ಣನ ತಂಗಿ ಜಯಕ್ಕ ಇಲ್ವಾ, ನರ್ಸಾಗಿ ಸ್ಕಾಟ್ಲೆಂಡಿಗೆ ಹೋಗಿದ್ದೋಳು, ಬಂದವ್ಳೆ. ಎರಡಾಳುದ್ದ ಕೋಲು ಇಟ್ಕಂಡು, ಕಿತ್ತಳೆ ದಾರ ಎಸ್ದು ಎಸ್ದು ಅಳೀತವ್ಳೆ. ನಿಂಗೆ ಗಾಳಾನೂ ಗೊತ್ತು, ಮಿಷಿನ್ನೂ ಗೊತ್ತು. ಒಂದ್ ಸಲ ಬಂದು ಅದೇನು ಅಂತ ನೋಡು."

ಅವನ ಭಯ ಸುಮ್ಮನೆ ಹುಟ್ಟಿದ್ದಾಗಿರಲಿಲ್ಲ. ಹೆದ್ದಾರಿಯ ಎರಡೂ ಕಡೆ ಹೊಸ ಕಾರ್ಖಾನೆಗಳು ಏಳುತ್ತಿದ್ದವು. ಹೊಲಗಳ ಮೇಲೆ ಡ್ರೋನ್ ಹಾರಿತ್ತು, ಯಾರೋ ಬಂದು ಬಂಡೆಗಳಿಗೆ ಬಣ್ಣ ಬಳಿದು ಹೋಗಿದ್ದರು. ಕೈಯಲ್ಲಿ ಕೋಲು ಹಿಡಿದವರನ್ನೆಲ್ಲ ಸರ್ವೆಯವರೆಂದೇ ನೋಡುವ ಕಾಲ. ಅದರ ಮೇಲೆ, ಕೆರೆಯಂಚಿನ ಉದ್ದನೆಯ ಒಂದು ತುಂಡು ಜಮೀನನ್ನು ಜಯಕ್ಕನ ಅಪ್ಪ ಸಾಯುವ ಮುಂಚೆ ಮಗಳ ಹೆಸರಿಗೆ ಮಾಡಿದ್ದರು. ಅದರ ಒಂದು ಕಡೆ ಅವರಣ್ಣ ರಾಮಪ್ಪನ ಹೊಲ, ಇನ್ನೊಂದು ಕಡೆ ಮುನಿರಾಜುವಿನದು. ಮುನಿರಾಜುವಿನ ಹೊಲಕ್ಕೆ ಹೋಗುವ ಗಾಡಿದಾರಿ ಆ ತುಂಡಿನ ಮೇಲೆಯೇ ಹಾದುಹೋಗುತ್ತಿತ್ತು. ಆಕೆ ಅದನ್ನು ಕಂಪನಿಯವರಿಗೆ ಮಾರಿದಳೆಂದರೆ ದಾರಿ ಮುಚ್ಚಿತು. ಬೆಳೆದ ಸೊಪ್ಪನ್ನು ತಲೆಯ ಮೇಲೆ ಹೊತ್ತು ತರಬೇಕಷ್ಟೆ.

ಮರುದಿನ ಬೆಳಗ್ಗೆ ಏರಿಯ ಮೇಲೆ ನಿಂತು ನೋಡಿದೆ. ತೂಬಿನಾಚೆ, ಸೀಮೆಜಾಲಿ ಪೊದೆಗಳು ನೀರಿಗೇ ಬಗ್ಗಿಕೊಂಡಿರುವ ಮೂಲೆಯಲ್ಲಿ, ಮೊಣಕಾಲುದ್ದ ನೀರಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬಳು ನಿಂತಿದ್ದಳು. ಚೂಡಿದಾರದ ಮೇಲೆ ಗಂಡಸರ ರೈನ್‌ಕೋಟು. ಎರಡೂ ಕೈಯಲ್ಲಿ ಹಿಡಿದ ಕರಿಯ ಕೋಲು ನಿಜಕ್ಕೂ ಎರಡಾಳುದ್ದವಿತ್ತು. ಅದನ್ನು ನಿಧಾನವಾಗಿ ಎತ್ತಿದಳು. ನೀರಿನ ಮೇಲೆ ಮಲಗಿದ್ದ ಕಿತ್ತಳೆ ದಾರ ಎದ್ದು, ಪಕ್ಕಕ್ಕೆ ಬಂದು, ತುದಿ ಮಾತ್ರ ನೀರಿಗೆ ತಾಗಿ, ಉಳಿದದ್ದು ಆಕೆಯ ಹಿಂದೆ ಗಾಳಿಗೆ ಸೀರೆ ಉಬ್ಬಿದಂತೆ ಉಬ್ಬಿತು. ಮರುಕ್ಷಣ ಕೋಲು ಮುಂದಕ್ಕೆ ಚಿಮ್ಮಿ, ದಾರ ನಾನು ಬಲಗೈ ಗಟ್ಟಿಯಿದ್ದಾಗಲೂ ಮುಟ್ಟದಷ್ಟು ದೂರ ಹೋಗಿ ಬಿತ್ತು. ಸದ್ದೇ ಇಲ್ಲ. ಹಿಂದಿನ ಜಾಲಿಮುಳ್ಳಿಗೆ ದಾರ ಸಿಕ್ಕಿಕೊಳ್ಳಲೂ ಇಲ್ಲ.

ಇದು ಯಾವುದೋ ಕಣ್ಕಟ್ಟು ಎನ್ನಿಸಿತು. ಬಯಲಿನಂತಹ ದಡ ಅಷ್ಟುದ್ದ ಬಿದ್ದಿರುವಾಗ ಪೊದೆಯ ಮೂಲೆಯೇ ಯಾಕೆ ಬೇಕು, ಯಾರಿಗೂ ಕಾಣದಿರಲೆಂದೇ ಎಂದು ಮುನಿರಾಜು ಪಕ್ಕದಲ್ಲಿ ನಿಂತು ಹೇಳುತ್ತಲೇ ಇದ್ದ. ಅವನನ್ನು ಅಲ್ಲೇ ಬಿಟ್ಟು ಇಳಿದುಹೋದೆ. ನಾನೂ ಗಾಳ ಹಾಕುವವನು, ಇಂಥ ಕೋಲನ್ನು ನೋಡಿಲ್ಲ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ದಾರವನ್ನು ಸುತ್ತಿಕೊಂಡು, ಅದರ ತುದಿಯನ್ನು ತೋರಿಸಿದರು. ಅಲ್ಲಿ ಗಾಳವೇ ಇರಲಿಲ್ಲ; ಕೆಂಪು ಉಲ್ಲನ್ನಿನ ಒಂದು ಚೂರು ಕಟ್ಟಿತ್ತು. ಕೈ ಪಳಗಿಸಿಕೊಳ್ಳುವಾಗ ಗಾಳದ ಮುಳ್ಳು ಕಟ್ಟುವುದಿಲ್ಲ, ಕಣ್ಣಿಗೆ ಬಡಿದೀತು ಎಂದರು. ಗಾಳವಿಲ್ಲದ ಗಾಳ ಎಂದ ಮೇಲೆ ನನ್ನ ಅನುಮಾನ ಇನ್ನೂ ಬಲಿಯಿತು.

"ಯಾರು ಕಳ್ಸಿದ್ರು ನಿನ್ನ?" ಎಂದು ಕೇಳಿದರು.

ಯಾರೂ ಇಲ್ಲ ಎಂದೆ. ಆಕೆ ಏರಿಯ ಕಡೆ ಒಮ್ಮೆ ನೋಡಿ, ಕೋಲನ್ನು ನನ್ನ ಕೈಗೆ ಕೊಟ್ಟರು.

ಹಾಗೆ ಶುರುವಾಯಿತು. ಆಕೆಯ ಸಂಗತಿ ತಿಳಿದುಕೊಳ್ಳಲೆಂದು ಕಲಿಯುವವನ ವೇಷ ಹಾಕಿದ್ದೆ. ಮೂರನೆಯ ಭಾನುವಾರದ ಹೊತ್ತಿಗೆ ಆ ವೇಷ ನಿಜವಾಗಿತ್ತು. ಕಾರಣ ಭುಜ. ಆ ಕೋಲನ್ನು ಎಷ್ಟು ಹೊತ್ತು ಬೀಸಿದರೂ ಬಲಗೈ ಎದೆಯ ಮಟ್ಟ ಬಿಟ್ಟು ಮೇಲೇರುತ್ತಿರಲಿಲ್ಲ, ನೋವಿರಲಿಲ್ಲ. ಆದರೆ ಬೀಸುವುದು ಬರುತ್ತಿರಲಿಲ್ಲ. ಅಷ್ಟು ವರ್ಷದ ಅಭ್ಯಾಸವೇ ಅಡ್ಡ ಬಂತು. ನನಗೆ ಗೊತ್ತಿದ್ದದ್ದು ತಳ್ಳುವುದು, ಬಲವಾಗಿ, ಬಲಗೈಯಿಂದ. ಈ ಕೋಲಿನಲ್ಲಿ ಮೇಲಿನ ಕೈ ಬರೀ ದಾರಿ ತೋರಿಸುತ್ತದೆ. ಕೆಲಸವೆಲ್ಲ ಬುಡದಲ್ಲಿ ಹಿಡಿದ ಎಡಗೈಯದು, ಅದನ್ನು ಹೊಟ್ಟೆಯ ಕಡೆಗೆ ಎಳೆದುಕೊಳ್ಳಬೇಕು. ನಾನು ತಳ್ಳಿದಾಗಲೆಲ್ಲ ದಾರ ಮುದ್ದೆಯಾಗಿ ನನ್ನ ಮುಂದೆಯೇ ಬೀಳುತ್ತಿತ್ತು. ಉಲ್ಲನ್ನಿನ ಚೂರು ಬಂದು ಕಿವಿಗೆ ಬಡಿಯುತ್ತಿತ್ತು.

"ಬಲಗೈ ಸುಮ್ಕಿರ್ಲಿ ಬುಡಪ್ಪ," ಎನ್ನುತ್ತಿದ್ದರು ಜಯಕ್ಕ. "ದಾರದ ತುದೀನ ನೀರು ಹಿಡ್ಕಳಗಂಟ ಕಾಯಿ. ಅದು ಹಿಡ್ಕಂಡ್ ಮ್ಯಾಲೆ ಎಳಿ."

ಅವರ ಕನ್ನಡವೇ ನನಗೆ ವಿಚಿತ್ರವಾಗಿತ್ತು. ಊರಿನವರ ಮಾತಿನಲ್ಲಿ ಈಗ ಅರ್ಧ ತಮಿಳು. ಹರೆಯದಲ್ಲೇ ಊರು ಬಿಟ್ಟ ಆಕೆಯ ಬಾಯಲ್ಲಿ ಅವರಜ್ಜಿಯ ಕಾಲದ ಮಾತು ಹಾಗೆಯೇ ಉಳಿದಿತ್ತು. ಅಲ್ಲಿ ಆಸ್ಪತ್ರೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಒಂದು ಹೊಳೆ ಇತ್ತಂತೆ. ಆಕೆ ಶುಶ್ರೂಷೆ ಮಾಡಿದ್ದ ಮುದುಕರೊಬ್ಬರು ವಾಸಿಯಾದ ಮೇಲೆ ಆ ಹೊಳೆಯ ದಡದಲ್ಲಿ ನಿಲ್ಲಿಸಿ ಇದನ್ನು ಕಲಿಸಿದರಂತೆ. ಅಲ್ಲಿ ಎರಡೂ ದಡದಲ್ಲಿ ಮರಗಳು ಒತ್ತಾಗಿ, ಹಿಂದಕ್ಕೆ ಬೀಸಲು ಜಾಗವಿಲ್ಲದ್ದಕ್ಕೇ ಈ ಬೀಸು ಹುಟ್ಟಿದ್ದಂತೆ. ಪೊದೆಯ ಮೂಲೆಗೆ ಉತ್ತರ ಸಿಕ್ಕಿತು. ಅದನ್ನು ಹೇಳಿದರೆ ಮುನಿರಾಜು ನಂಬಲಿಲ್ಲ. ಮೀನು ಹಿಡಿಯಲು ಬಂದವಳು ಅಷ್ಟು ದಿನದಿಂದ ಒಂದು ಮೀನಾದರೂ ಹಿಡಿದಳಾ ಎಂದು ಕೇಳಿದ. ಮನೆಯಲ್ಲಿ ನನ್ನ ಹೆಂಡತಿ ಶಾರದಾಳದೂ ಅದೇ ಪ್ರಶ್ನೆ. ಇಡೀ ದಿನ ಕೆರೆಯ ಹತ್ತಿರ ಇದ್ದು ಬಂದರೂ ನನ್ನ ಕೈಗೆ ಮೀನಿನ ವಾಸನೆಯಿಲ್ಲ. ಆಕೆ ಒಂದು ಸಂಜೆ ಕೈ ಹಿಡಿದು ಮೂಸಿಯೇ ನೋಡಿ ಒಳಗೆ ಹೋದಳು.

ಮಳೆ ಹಿಡಿಯಿತು. ಕೆರೆ ದಿನದಿನಕ್ಕೂ ಪೊದೆಯ ಕಾಲನ್ನು ನುಂಗುತ್ತ ಬಂದು, ಒಂದು ಬೆಳಗ್ಗೆ ಕೋಡಿಯ ಮೇಲೆ ಕೆಂಪು ನೀರು ಹರಿಯತೊಡಗಿತು. ಊರವರೆಲ್ಲ ಬಂದು ನೋಡಿಕೊಂಡು ಹೋದರು. ಆ ವಾರವೇ ನನ್ನ ದಾರವೂ ಮೊದಲ ಸಲ ಸರಿಯಾಗಿ ಹೋಯಿತು. ಎದುರುಗಾಳಿ ಇತ್ತು, ಯೋಚನೆ ಎಲ್ಲೋ ಇತ್ತು, ಬಲಗೈ ತಳ್ಳುವುದನ್ನು ಮರೆತುಬಿಟ್ಟಿತ್ತು. ಎಡಗೈ ಹೊಟ್ಟೆಗೆ ಬಂದು ತಾಗಿದಾಗ ಕೋಲಿನ ಮೈಯಲ್ಲಿ ಏನೋ ತುಂಬಿಕೊಂಡು ಬಿಟ್ಟುಹೋದಂತಾಗಿ, ದಾರ ಬಿಚ್ಚಿಕೊಂಡು ಬಿಚ್ಚಿಕೊಂಡು ಹೋಗುತ್ತಲೇ ಇತ್ತು. ಜಯಕ್ಕ ಚೀಲದಿಂದ ಹುಂಜದ ಪುಕ್ಕ ಸುತ್ತಿದ ಸಣ್ಣ ಗಾಳವೊಂದನ್ನು ತೆಗೆದು ಕಟ್ಟಿಕೊಟ್ಟರು. ಮಧ್ಯಾಹ್ನದೊಳಗೆ ಅಂಗೈಯಗಲದ ಜಿಲೇಬಿಯೊಂದು ಬಿತ್ತು. ನಾನು ಚೀಲ ಹುಡುಕುವುದರೊಳಗೆ ಆಕೆ ಅದನ್ನು ನೀರಿನಲ್ಲೇ ಬಿಡಿಸಿ ಬಿಟ್ಟುಬಿಟ್ಟರು. ಸಿಕ್ಕ ಮೀನನ್ನು ಬಿಡುವವರು ಬೇರೆ ಏನನ್ನು ಹಿಡಿಯಲು ಬಂದಿರುತ್ತಾರೆ ಎಂದು ನನ್ನ ಮನಸ್ಸು ಮತ್ತೆ ಅಲ್ಲಿಗೇ ಹೋಯಿತು.

ಹೋಗಲು ಕಾರಣವೂ ಇತ್ತು. ಜಯಕ್ಕ ಬೀಸುವುದನ್ನು ನಿಲ್ಲಿಸಿ ದಡದ ಮೇಲೆ ನಡೆದುಹೋಗಿ, ಗಡಿಯ ಕಲ್ಲನ್ನು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದರು. ಮುನಿರಾಜುವಿನ ಗಾಡಿದಾರಿ ಮೊದಲಿನಿಂದ ಇಲ್ಲೇ ಇತ್ತಾ ಎಂದು ನನ್ನನ್ನೇ ಕೇಳಿದ್ದರು. ಒಂದು ಶನಿವಾರ ಏರಿಯ ಮೇಲೆ ಬಿಳಿ ಕಾರು ಬಂದು ನಿಂತಿತು. ಶರಟನ್ನು ಪ್ಯಾಂಟಿನೊಳಗೆ ಸೇರಿಸಿದ ಇಬ್ಬರು ಇಳಿದರು; ಆಕೆ ಹೋಗಿ ಅವರಿಗೆ ಕೈಚಾಚಿ ಆ ತುಂಡನ್ನು ಈ ತುದಿಯಿಂದ ಆ ತುದಿಯವರೆಗೆ ತೋರಿಸಿದರು. ಬಂದು ಕೋಲು ಎತ್ತಿಕೊಂಡಾಗ ಯಾರೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಸಂಜೆ ಮುನಿರಾಜುವಿಗೆ ಎಲ್ಲ ಹೇಳಿದೆ. ಅವನು ಅದನ್ನು ಊರಿಗೆಲ್ಲ ಹೇಳಿದ.

ಆ ಊರಿನಲ್ಲಿ ಆಕೆಯನ್ನು ಅನುಮಾನಿಸದವರು ಅವರಣ್ಣ ರಾಮಪ್ಪ ಒಬ್ಬರೇ ಎಂದು ಕಾಣುತ್ತದೆ. ಬಿಳಿ ಪಂಚೆಯ, ಮೆತ್ತಗೆ ಮಾತಾಡುವ ಮನುಷ್ಯ. ತಂಗಿ ಅವರ ಮನೆಯಲ್ಲೇ ಇದ್ದಳು. ದಿನಾ ಬೆಳಗ್ಗೆ ಫ್ಲಾಸ್ಕಿನಲ್ಲಿ ಟೀ ತಂದು, ಆಕೆ ನೀರಿನಿಂದ ಹೊರಗೆ ಬರುವವರೆಗೆ ಛತ್ರಿ ಹಿಡಿದು ನಿಂತಿದ್ದು, ಲೋಟಕ್ಕೆ ಬಗ್ಗಿಸಿ ಕೊಟ್ಟು ಹೋಗುತ್ತಿದ್ದರು. ನನಗೂ ಕೊಡುತ್ತಿದ್ದರು. ಅವರ ಮಗ ಸುರೇಶ ಮಾತ್ರ ಬೇರೆ ಥರದ ಆಸಾಮಿ. ಒಂದು ದಿನ ಸೂಳಗಿರಿಯ ಟೀ ಅಂಗಡಿಯಲ್ಲಿ ನನ್ನನ್ನು ಕೂರಿಸಿಕೊಂಡು, ಅತ್ತೆ ನಿಮ್ಮ ಮಾತು ಕೇಳುತ್ತಾರೆ, ಆ ತುಂಡನ್ನು ನಮಗೆ ಬಿಟ್ಟುಕೊಟ್ಟು ಸೈನ್ ಹಾಕೋಕೆ ಹೇಳಿ ಎಂದ. ಕೆರೆಗೆ ತಾಗಿದ ಜಮೀನಿದ್ದರೆ ಕಂಪನಿಯವರು ಬರುತ್ತಾರೆ, ಇಲ್ಲದಿದ್ದರೆ ತಿರುಗಿಯೂ ನೋಡುವುದಿಲ್ಲ ಎಂದೂ ಬಾಯಿಬಿಟ್ಟ. ನಾನು ಹೂಂ, ಊಹೂಂ ಯಾವುದನ್ನೂ ಅನ್ನದೆ ಟೀ ಕುಡಿದು ಎದ್ದೆ. ಎದುರಿನ ಔಷಧಿ ಅಂಗಡಿಯಿಂದ ಜಯಕ್ಕ ಇಳಿಯುತ್ತಿದ್ದರು. ನಮ್ಮಿಬ್ಬರನ್ನೂ ನೋಡಿ, ನೋಡದವರಂತೆ ಹೋದರು.

ಮರುದಿನ ಭಾನುವಾರ. ನಾನು ಕೆರೆಗೆ ಹೋದಾಗ ಆಕೆ ಕೋಲನ್ನು ಜೋಡಿಸಿಯೇ ಇರಲಿಲ್ಲ. ಅದು ಚೀಲದಲ್ಲಿತ್ತು, ಚೀಲ ಮಡಿಲಲ್ಲಿತ್ತು.

"ಸುರೇಶ ಏನ್ ಹೇಳಿ ಕಳ್ಸವ್ನೆ?"

"ಅವ್ನು ಕರ್ದ, ಕೂತ್ಕಂಡೆ ಅಕ್ಕ. ನನ್ನ ಕಳ್ಸಿದ್ದು ಅವ್ನಲ್ಲ."

"ಅದು ಗೊತ್ತೈತೆ. ನಿನ್ನ ಕಳ್ಸಿದ್ದು ಮುನಿರಾಜು. ನೀವಿಬ್ರು ಏರಿ ಮ್ಯಾಲೆ ನಿಂತ್ಕಂಡು ಆಡಿದ್ ಮಾತು ನೀರ್ ಮ್ಯಾಲೆ ಹಂಗೇ ತೇಲ್ಕಂಡ್ ಬತ್ತದೆ. ಮೊದಲ್ನೆ ದಿನದಿಂದ ಕೇಳ್ತಿವ್ನಿ. ಅವ್ನು ಭಯ ಬೀಳೋದ್ರಾಗೆ ನ್ಯಾಯ ಐತೆ, ಬುಡು. ಸುರೇಶನ ಜೊತೆ ಏನ್ ನಡೀತು, ಅದನ್ನ ಹೇಳು."

ನಡೆದದ್ದನ್ನು ನಡೆದಂತೆ ಹೇಳಿದೆ. ಆಮೇಲೆ ಆಕೆ ತಮ್ಮ ಕಡೆಯದನ್ನು ಹೇಳಿದರು. ಬಿಳಿ ಕಾರಿನಲ್ಲಿ ಬಂದವರು ಕೃಷ್ಣಗಿರಿಯ ವಕೀಲರು ಮತ್ತು ಅವರ ಸಹಾಯಕ. ತಾವು ಊರಿಗೆ ಬಂದಾಗಿನಿಂದ ಗಡಿಕಲ್ಲು ಇರುವ ಜಾಗದ ಮೇಲೆ ಅನುಮಾನ. ಚಿಕ್ಕಂದಿನಲ್ಲಿ ಅದರ ಮೇಲೆ ಕೂತು ಎಮ್ಮೆ ಕಾಯ್ದವರು, ಅದು ಅಣ್ಣನ ಹೊಲದ ಕಡೆಗೆ ಇನ್ನೂ ದೂರದಲ್ಲಿತ್ತು. ಈಗ ಕೆರೆಯಂಚಿನ ಒಂದಷ್ಟು ನೆಲ ಅಣ್ಣನ ಪಾಲಿಗೆ ಬಂದಂತಿದೆ. ಕಿತ್ತು ನೆಟ್ಟವನು ಸುರೇಶನೇ ಎಂದು ಆಕೆಗೆ ಖಾತ್ರಿ. ಅದಕ್ಕೇ ಅಳತೆಗೆ ಅರ್ಜಿ ಕೊಟ್ಟಿದ್ದರು. ತಮ್ಮದು ತಮಗೆ ಬಂದರೆ ಮುನಿರಾಜುವಿನ ದಾರಿಯನ್ನು ಬಿಟ್ಟೇ ಬೇಲಿ ಹಾಕಿಸುವ ಯೋಚನೆ ಅವರದು.

ನಂಬಿದೆನೇ ಎಂದರೆ, ಪೂರ್ತಿ ಇಲ್ಲ. ಮಾರುವವರೂ ಮಾರುವ ಮುಂಚೆ ಅಳತೆ ಮಾಡಿಸುತ್ತಾರೆ ಎಂದು ಮುನಿರಾಜು ಹೇಳಿದ, ಅದೂ ಸರಿಯೆನಿಸಿತು. ಜಯಕ್ಕನಿಗೂ ನನ್ನ ಮೇಲೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ. ಆದರೂ ಆಕೆ ಚೀಲ ಬಿಚ್ಚಿ ಕೋಲು ಜೋಡಿಸಿದರು. ಆ ದಿನ ಇಬ್ಬರೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಿಕೊಳ್ಳುತ್ತಲೇ ಸರದಿಯ ಮೇಲೆ ಬೀಸಿದೆವು.

ಮಳೆ ಬಿಟ್ಟ ಮೇಲೆ, ಕಾರ್ತಿಕದ ಒಂದು ಬೆಳಗ್ಗೆ ಸರ್ವೇಯರ್ ಬಂದರು. ನಾನು ರಜೆ ಹಾಕಿ ಹೋಗಿದ್ದೆ. ಅರ್ಧ ಊರು ಏರಿಯ ಮೇಲಿತ್ತು. ಮುನಿರಾಜು ಕೈಕಟ್ಟಿಕೊಂಡು ತನ್ನ ಹೊಲದಲ್ಲೇ ನಿಂತಿದ್ದ, ಒಂದು ಹೆಜ್ಜೆಯೂ ಈಚೆ ಬರಲಿಲ್ಲ. ಸುರೇಶ ಬೈಕಿನ ಮೇಲೆ ಕೂತು ಫೋನು ನೋಡುತ್ತಿದ್ದ. ಅಳತೆ ಪೊದೆಯೊಳಗೆ ನುಗ್ಗಿ, ಈಗಿನ ಕಲ್ಲನ್ನು ದಾಟಿ, ರಾಮಪ್ಪನ ಹೊಲದೊಳಕ್ಕೆ ಹೋಗುತ್ತಲೇ ಇತ್ತು. ಜನ ಗುಸುಗುಸು ಎನ್ನತೊಡಗಿದರು. ಕಡೆಗೆ ಸರ್ವೇಯರ್ ನಿಂತ ಕಡೆ ಆಳೊಬ್ಬ ಗುದ್ದಲಿ ಹಾಕಿದ. ಮೂರು ನಾಲ್ಕು ಏಟಿಗೆ ಠಣ್ ಎಂದಿತು. ಮಣ್ಣು ಸರಿಸಿದರೆ ಮುರಿದ ಕಲ್ಲಿನ ಬುಡ. ಮೇಲಿನ ತುಂಡನ್ನಷ್ಟೇ ಒಡೆದುಕೊಂಡು ಹೋಗಿ ಆಚೆ ನೆಟ್ಟಿದ್ದರು.

ಇದನ್ನು ಜರುಗಿಸಿದವರು ಯಾರು ಎಂದು ಸರ್ವೇಯರ್ ತಮಿಳಿನಲ್ಲಿ ಕೇಳಿದರು. ಎಲ್ಲರೂ ಸುರೇಶನ ಕಡೆ ತಿರುಗಿದರು. ಜಯಕ್ಕನೂ ತಿರುಗಿದರು. ಸುರೇಶ ಬೈಕಿನಿಂದಿಳಿದು, ನನಗೆ ಕಲ್ಲು ಈಗಿರುವ ಕಡೆಯೇ ಇದ್ದದ್ದು ಗೊತ್ತು, ಬೇರೆ ಗೊತ್ತಿಲ್ಲ ಎಂದ. ಅವನ ಮುಖ ನೋಡಿದರೆ ನಿಜವೇ ಹೇಳುತ್ತಿದ್ದ ಹಾಗಿತ್ತು.

"ಅವನನ್ ಯಾಕ್ ನೋಡ್ತೀರಿ," ಎಂದಿತು ಹಿಂದಿನಿಂದ ಒಂದು ಮೆತ್ತನೆಯ ದನಿ. ರಾಮಪ್ಪ. ಒಂದು ಕೈಯಲ್ಲಿ ಫ್ಲಾಸ್ಕು ಹಾಗೆಯೇ ಇತ್ತು. "ಕಲ್ಲು ಕಿತ್ತಿಟ್ಟಿದ್ದು ನಾನು."

ಅವರು ತಂಗಿಯನ್ನು ನೋಡದೆ, ಗುಂಡಿಯಲ್ಲಿದ್ದ ಕಲ್ಲಿನ ಬುಡವನ್ನು ನೋಡುತ್ತ ಹೇಳಿದರು: "ಸ್ಕಾಟ್ಲೆಂಡಲ್ಲೇ ಮನೆ ತಗಂಡೆ ಅಂತ ಫೋನ್ ಮಾಡಿದ್ಯಲ್ಲ ಜಯ, ಆ ವರ್ಷ. ನೀನಿನ್ನು ಬರಲ್ಲ ಅನ್ಕಂಡೆ."

ಜಯಕ್ಕ ಅಳಲಿಲ್ಲ, ಕೂಗಾಡಲಿಲ್ಲ. ಕಲ್ಲನ್ನು ಹಳೆಯ ಜಾಗದಲ್ಲಿ ನೆಡಿಸಿ ಎಂದು ಸರ್ವೇಯರಿಗೆ ಹೇಳಿ, ನೆಡುವವರೆಗೆ ಬಿಸಿಲಿನಲ್ಲೇ ನಿಂತಿದ್ದರು. ಮುನಿರಾಜು ಆಗ ಹೊಲದಿಂದ ಈಚೆ ಬಂದು, ಯಾರೂ ಹೇಳದಿದ್ದರೂ ಕಲ್ಲಿನ ಬುಡಕ್ಕೆ ಮಣ್ಣು ತುಂಬಿ ತುಳಿದ.

ಆ ಭಾನುವಾರ ಆಕೆ ಬರುವುದಿಲ್ಲ ಎಂದುಕೊಂಡೇ ಹೋದೆ. ಬಂದಿದ್ದರು. ಕೋಲು ಎತ್ತಿ ಬೀಸಿದರು. ದಾರ ಮುದ್ದೆಯಾಗಿ ಮುಂದೆಯೇ ಬಿತ್ತು. ಮತ್ತೆ ಬೀಸಿದರು, ಹಾಗೆಯೇ ಆಯಿತು. ಬಲಗೈ ತಳ್ಳುತ್ತಿದೆ ಎಂದು ನನಗೆ ಕಾಣುತ್ತಿತ್ತು, ಹೇಳುವ ಧೈರ್ಯ ಬರಲಿಲ್ಲ. ಆಕೆಯೇ ನಕ್ಕು ಕೋಲನ್ನು ನನಗೆ ಕೊಟ್ಟು ದಡಕ್ಕೆ ಹೋಗಿ ಕೂತರು. ನಾನು ಬೀಸತೊಡಗಿದೆ. ದಾರ ಹೋಯಿತು, ಬಂತು, ಹೋಯಿತು. ಜಯಕ್ಕ ದಡದಿಂದಲೇ ಹೇಳತೊಡಗಿದರು. ಸುರೇಶನ ಮೇಲೆ ಅನುಮಾನಪಟ್ಟೆ, ಅವನ ತಾಯಿ ನಮ್ಮ ಅತ್ತಿಗೆಯ ಮೇಲೆ ಪಟ್ಟೆ, ನಿನ್ನ ಮೇಲೆ, ವಕೀಲರ ಮೇಲೂ ಪಟ್ಟೆ. ಅಣ್ಣನೊಬ್ಬನನ್ನು ಬಿಟ್ಟೆ ಎಂದರು. ಈ ನೀರಿನಲ್ಲಿ ಈಜು ಕಲಿಸಿದವನು ಅವನೇ ಎಂದರು.

ಮುಂದೆ ಆಕೆ ಆ ತುಂಡನ್ನು ಮಾರಲಿಲ್ಲ, ಬಿಟ್ಟುಕೊಡಲೂ ಇಲ್ಲ. ಅಣ್ಣ ಇರುವವರೆಗೆ ಅದರಲ್ಲಿ ಬೆಳೆದುಕೊಳ್ಳಲಿ ಎಂದರು. ಮುನಿರಾಜುವಿನ ಗಾಡಿದಾರಿಯನ್ನು ಬಿಟ್ಟು ಬೇಲಿ ಹಾಕಿಸಿದರು. ಸುರೇಶ ಮಾತು ಬಿಟ್ಟ. ಆಕೆ ಸೂಳಗಿರಿಯಲ್ಲಿ ಬೇರೆ ಮನೆ ಮಾಡಿಯಾರು ಎಂದು ಊರು ಕಾದಿತು. ಮಾಡಲಿಲ್ಲ, ಅದೇ ಮನೆಯಲ್ಲಿ ಉಳಿದರು. ರಾಮಪ್ಪ ಕೆಲವು ದಿನ ಕೆರೆಯ ಕಡೆ ತಲೆಹಾಕಲಿಲ್ಲ. ಆಮೇಲೆ ಒಂದು ಬೆಳಗ್ಗೆ ಫ್ಲಾಸ್ಕು ಹಿಡಿದು ಬಂದು, ಮೊದಲಿಗಿಂತ ಸ್ವಲ್ಪ ದೂರದಲ್ಲಿ ನಿಂತರು. ಜಯಕ್ಕ ನೀರಿನಿಂದ ಬಂದು ಲೋಟ ತೆಗೆದುಕೊಂಡರು.

ರಾಮಪ್ಪ ಹೋದ ಮೇಲೆ ನಾನು ಕೇಳಿದೆ, ಅಣ್ಣನ ಮೇಲೆ ಈಗ ನಂಬಿಕೆ ಬಂತಾ ಎಂದು.

"ಟೀ ಕೊಟ್ರೆ ಕುಡೀತೀನಪ್ಪ," ಎಂದರು ಜಯಕ್ಕ, ದಾರವನ್ನು ಬಿಡಿಸಿಕೊಳ್ಳುತ್ತ. "ಬರೋವಾಗ ಕಲ್ಲು ಎಲ್ಲೈತೆ ಅಂತ ನೋಡ್ಕಂಡ್ ಬತ್ತೀನಿ."